ಕೆಲಸ ಮಾಡಬಹುದು, ಹೊಲ ಕೊಳ್ಳುವಂತಿಲ್ಲ

"ನೀ ಈಗ ಇಲ್ಲಿಯಾಕಿ ಅಲ್ಲಲ್ಲಾ ಅಕ್ಕಾ. ನಿನಗ ಹೊಲ ಬರಂಗಿಲ್ಲಂತ."

ತಮ್ಮ ಇದನ್ನು ಜಗಳಕ್ಕೆಂದು ಹೇಳಲಿಲ್ಲ. ಅಪ್ಪ ಹೋಗಿ ಕೆಲವು ತಿಂಗಳಾಗಿತ್ತು. ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಇನ್ನೂ ಅಪ್ಪನ ಹೆಸರೇ ಇತ್ತು. ಕಬ್ಬಿನ ಬಿಲ್ಲು ಅಪ್ಪನ ಖಾತೆಗೇ ಬಿದ್ದು ಅಲ್ಲೇ ಕೂತಿತ್ತು. ವಾರಸಾ ಮಾಡಿಸದೆ ಗತಿ ಇರಲಿಲ್ಲ. ತಮ್ಮ ಕಾಗದಪತ್ರ ಹಿಡಿದುಕೊಂಡು ಮುಧೋಳಕ್ಕೆ ಹೋಗಿ ಬಂದ. ಅಲ್ಲಿ ಬಾಂಡ್ ಬರೆಯುವವರೊಬ್ಬರು ವಂಶಾವಳಿ ನೋಡಿದ್ದಾರೆ. ಮಗಳು ಕೆನಡಾದವಳು ಅಂತ ಗೊತ್ತಾದ ಕೂಡಲೇ, ಹಂಗಾರ ಆಕಿ ಹೆಸರ ಬಿಡ್ರಿ, ಪರದೇಶದವರಿಗೆ ಹೊಲ ನಡೆಯಂಗಿಲ್ಲ ಅಂದಿದ್ದಾರೆ. ತಮ್ಮ ಮನೆಗೆ ಬಂದು, ಕೈಕಾಲು ತೊಳೆದು, ಪಡಸಾಲೆಯಲ್ಲಿ ಕೂತು ಚಹಾ ಬಸಿಗೆ ಸುರುವಿಕೊಳ್ಳುತ್ತಾ ಅದನ್ನೇ ನನಗೆ ಒಪ್ಪಿಸಿದ. ಅವ್ವ ಏನೂ ಅನ್ನದೆ ಒಳಗೆ ಹೋದಳು.

ನನಗೆ ಹೊಲ ಬೇಕೋ ಬೇಡವೋ, ಅದು ಬೇರೆ ಮಾತು. ನಮ್ಮ ಕಡೆ ಹೆಣ್ಣುಮಕ್ಕಳು ಪಾಲು ಕೇಳಿದರೆ ತವರಿನ ದಾರಿ ಮುಚ್ಚಿತು ಅಂತಲೇ ಲೆಕ್ಕ. ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರಲ್ಲೇ ಕಾಯ್ದೆ ತಿದ್ದಿದರೂ ನನ್ನ ಓರಗೆಯ ಎಷ್ಟೋ ಜನ ಒಂದು ಇಳಕಲ್ ಸೀರೆ ಉಡಿಸಿಕೊಂಡು, ಹೋಳಿಗೆ ಉಂಡು, ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿ ಬಂದಿದ್ದಾರೆ. ನಾನೂ ಹಾಕುತ್ತಿದ್ದೆನೋ ಏನೋ. ಆದರೆ ನೀನು ಇಲ್ಲಿಯವಳಲ್ಲ ಎಂಬ ಕಾರಣಕ್ಕೆ ಹಾಕು ಅಂದರೆ ಮನಸ್ಸು ಒಪ್ಪಲಿಲ್ಲ. ಓಸಿಐ ಕಾರ್ಡ್ (ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ಕಾರ್ಡ್) ಇದ್ದರೆ ಮುಗೀತು, ಓಟು ಹಾಕುವಂತಿಲ್ಲ ಅನ್ನೋದು ಬಿಟ್ಟರೆ ಎಲ್ಲ ಮೊದಲಿನ ಹಾಗೇ ಅಂತ ಟೊರಾಂಟೋದಲ್ಲಿ ಎಲ್ಲರೂ ಹೇಳುತ್ತಿದ್ದರು. ಬೆಂಗಳೂರಿಗೆ ವಾಪಸ್ ಬಂದ ಗೆಳತಿಯರು ಈಗಲೂ ಅದನ್ನೇ ಹೇಳುತ್ತಾರೆ. ಅವರಿಗೆ ಅದು ನಿಜವೂ ಹೌದು. ಫ್ಲ್ಯಾಟು, ಸಂಬಳ, ಬ್ಯಾಂಕು, ಶೇರು, ಮಕ್ಕಳ ಶಾಲೆ, ಇವಕ್ಕೆಲ್ಲ ಈ ಕಾರ್ಡ್ ಧಾರಾಳ ಸಾಕು. ಬಾಗಲಕೋಟೆಗೆ ಬಂದು ನೆಲೆಸಿದ ಮೇಲೆ ನನಗೆ ಅನ್ನಿಸುತ್ತಿರುವುದು ಬೇರೆ. ಇದು ದೊಡ್ಡ ಊರಿನ ಬದುಕು ನೋಡಿ ಮಾಡಿದ ಕಾರ್ಡು. ನಮ್ಮ ಸೀಮೆಯಲ್ಲಿ ಒಬ್ಬರನ್ನು ನಮ್ಮವರು ಅಂತ ಹಿಡಿಯುವುದು ಹೊಲ ನೋಡಿ, ಓಟು ನೋಡಿ, ಕಷ್ಟ ಬಂದಾಗ ಯಾರ ಜೊತೆ ರಸ್ತೆಗೆ ಬಂದು ಕೂತರು ಅನ್ನುವುದು ನೋಡಿ. ಸರಿಯಾಗಿ ಅಲ್ಲೇ ಈ ಕಾರ್ಡ್ ಕೈಕೊಡುತ್ತದೆ.

ಕತ್ತರಿ ಹಿಡಿದು ಕೂತ ದಿನ

ಯಾಕೆ ತಗೊಂಡಿರಿ ಕೆನಡಾ ಪೌರತ್ವ ಅಂತ ಇಲ್ಲಿ ಎಲ್ಲರೂ ಕೇಳುತ್ತಾರೆ. ದೊಡ್ಡ ಕಾರಣ ಏನಿಲ್ಲ. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದಿ 2008ರಲ್ಲಿ ಮದುವೆಯಾಗಿ ಹೋದವಳು ನಾನು. ಕಂಪನಿ ಕೆಲಸಕ್ಕೆ ಮೇಲಿಂದ ಮೇಲೆ ಅಮೆರಿಕಕ್ಕೆ ಹೋಗಬೇಕಾಗುತ್ತಿತ್ತು. ಪ್ರತಿ ಸಲ ವೀಸಾಕ್ಕೆ ತಾರೀಕು ಹುಡುಕುವುದು, ಸಂದರ್ಶನಕ್ಕೆ ಕಾಯುವುದು ಸಾಕಾಗಿ ಹೋಗಿತ್ತು. ಕೆನಡಾ ಎರಡು ಪೌರತ್ವ ಬೇಡ ಅನ್ನುವುದಿಲ್ಲ. ಭಾರತ ಅನ್ನುತ್ತದೆ. ಗೊತ್ತಿದ್ದೇ ಅರ್ಜಿ ಹಾಕಿದೆವು.

2021ರಲ್ಲಿ ಕರೆ ಬಂದಾಗ ಇನ್ನೂ ಕೊರೊನಾ ಕಾಲ. ಪ್ರಮಾಣ ವಚನ ಝೂಮ್‌ನಲ್ಲಿ ನಡೆಯಿತು. ಆಗಿನ್ನೂ ರಾಣಿ ಎಲಿಜಬೆತ್ ಇದ್ದರು. ರಾಣಿಗೂ ಅವರ ವಾರಸುದಾರರಿಗೂ ನಿಷ್ಠಳಾಗಿರುತ್ತೇನೆ ಅಂತ ಬಲಗೈ ಎತ್ತಿ ಹೇಳಿದೆ. ಅದಕ್ಕೂ ಮೊದಲು ಒಂದು ಶಾಸ್ತ್ರ ಇತ್ತು. ಅಲ್ಲಿ ಕಾಯಂ ಆಗಿ ಇರಲು ಕೊಟ್ಟಿದ್ದ ಪಿಆರ್ ಕಾರ್ಡನ್ನು ಕ್ಯಾಮೆರಾ ಮುಂದೆ ಹಿಡಿದು ಕತ್ತರಿಯಿಂದ ಕತ್ತರಿಸಿ ತೋರಿಸಬೇಕು. ಮನೆಯಲ್ಲಿದ್ದದ್ದು ಹಾಲಿನ ಪಾಕೀಟು ಕತ್ತರಿಸುವ ಅಡುಗೆಮನೆ ಕತ್ತರಿ. ಕಾರ್ಡು ಗಟ್ಟಿ ಪ್ಲಾಸ್ಟಿಕ್. ಕತ್ತರಿ ಜಾರಿ ಜಾರಿ ಹೋಗುತ್ತಿತ್ತು. ಪರದೆ ಮೇಲಿನ ಅಧಿಕಾರಿ ನಗುತ್ತಾ, ಆತುರ ಇಲ್ಲ, ನಿಧಾನವಾಗಿ ಮಾಡಿ ಅಂದರು. ಕೊನೆಗೆ ಗಂಡ ಇಕ್ಕಳ ತಂದುಕೊಟ್ಟ. ಅದರಲ್ಲಿ ಕಾರ್ಡ್ ಹಿಡಿದು ಎರಡು ತುಂಡು ಮಾಡಿ ತೋರಿಸಿದೆ.

ಕೆನಡಾದ ಆ ಕಾರ್ಡಿಗೆ ಅಷ್ಟು ಕಾಟ. ಭಾರತದ ಪೌರತ್ವಕ್ಕೆ ಅದೂ ಇಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ, ನಾನಾಗಿಯೇ ಬೇರೆ ದೇಶದ ಪೌರತ್ವ ತಗೊಂಡ ಕ್ಷಣದಲ್ಲಿ ಇಲ್ಲಿನದು ತಾನಾಗಿ ಹೋಯಿತು. ಯಾರೂ ಪತ್ರ ಬರೆಯುವುದಿಲ್ಲ, ಯಾರೂ ಸಹಿ ಕೇಳುವುದಿಲ್ಲ. ಹಳೆಯ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯುವುದು ಆಮೇಲಿನ ಕೆಲಸ, ಅದು ಬರೀ ಲೆಕ್ಕ ಚುಕ್ತಾ ಮಾಡುವುದು. ಆ ಸರ್ಟಿಫಿಕೇಟ್ ಇಲ್ಲದೆ ಓಸಿಐಗೆ ಅರ್ಜಿ ಮುಂದೆ ಹೋಗದು. ನನ್ನ ಓಸಿಐ ಕೈಗೆ ಬಂದದ್ದು 2022ರ ಆರಂಭದಲ್ಲಿ. ಅದೇ ವರ್ಷ ಅಪ್ಪನಿಗೆ ಲಕ್ವಾ ಹೊಡೆಯಿತು. ಬಂದೆವು. ಆಮೇಲೆ ವಾಪಸ್ ಹೋಗಲೇ ಇಲ್ಲ.

ಸೀಲ್ ಎಲ್ಲೈತ್ರಿ ಮೇಡಂ?

ನಾವು ಮನೆ ಮಾಡಿದ್ದು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ. ಊರು, ಅಂದರೆ ಅವ್ವ ಮತ್ತು ತಮ್ಮ ಇರುವ ಹಳ್ಳಿ, ಮುಧೋಳ ತಾಲೂಕಿನಲ್ಲಿ, ಘಟಪ್ರಭೆಯ ದಂಡೆಗೆ. ಟೊರಾಂಟೋ ಕಂಪನಿ ಇಲ್ಲಿಂದಲೇ ಕೆಲಸ ಮಾಡಲು ಒಪ್ಪಿತು. ಅಲ್ಲಿ ಬೆಳಗ್ಗೆ 9 ಅಂದರೆ ಚಳಿಗಾಲದಲ್ಲಿ ನಮಗೆ ರಾತ್ರಿ ಏಳೂವರೆ. ಓಣಿಯವರೆಲ್ಲ ಊಟ ಮುಗಿಸಿ ಟಿವಿ ಮುಂದೆ ಕೂರುವ ಹೊತ್ತಿಗೆ ನನ್ನ ಆಫೀಸು ಶುರು. ಹಗಲು ಖಾಲಿ. ಹಗಲು ಮಾತ್ರ ಬಂದು ಒಂದು ವಿಷಯ ಪಾಠ ಮಾಡ್ತೀರಾ ಅಂತ ಈ ಕಡೆಯ ಒಂದು ಖಾಸಗಿ ಕಾಲೇಜಿನವರು ಕೇಳಿದರು. ಖುಷಿಯಿಂದ ಹೂಂ ಅಂದೆ.

ಆಫೀಸಿನಲ್ಲಿ ಗುಮಾಸ್ತರು ನನ್ನ ಫೈಲ್ ತೆರೆದರು. ಕೆನಡಾ ಪಾಸ್‌ಪೋರ್ಟ್ ನೋಡಿ, "ಮೇಡಂ, ವರ್ಕ್ ಪರ್ಮಿಟ್ ಕೊಡ್ರಿ" ಅಂದರು. ಬೇಕಿಲ್ಲ, ಓಸಿಐ ಇದೆ ಅಂತ ಪುಸ್ತಕ ಕೊಟ್ಟೆ. ಹೆಸರಿಗೆ ಕಾರ್ಡ್ ಅಂದರೂ ಅದು ಪಾಸ್‌ಪೋರ್ಟಿನಂಥ ಪುಸ್ತಕವೇ. ಅವರು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವಿದರು. ಮತ್ತೆ ಕೊನೆಯಿಂದ ಮೊದಲಿನವರೆಗೆ ತಿರುವಿದರು. ಆಮೇಲೆ ಪುಸ್ತಕವನ್ನು ತುಸು ಅಡ್ಡ ಹಿಡಿದು ಬೆಳಕಿಗೆ ನೋಡಿದರು. "ಇದರಾಗ ಸೀಲ್ ಎಲ್ಲೈತ್ರಿ?" ಸೀಲ್ ಇರುವುದಿಲ್ಲ, ಅಚ್ಚಾಗಿಯೇ ಬಂದಿರುತ್ತದೆ, ಇದೇ ಜೀವಮಾನದ ವೀಸಾ ಅಂತ ಹೇಳಿದೆ. ಅವರಿಗೆ ಸಮಾಧಾನ ಆಗಲಿಲ್ಲ. ತಪ್ಪು ಅವರದ್ದೇನೂ ಅಲ್ಲ ಬಿಡಿ. ಸೀಲಿಲ್ಲದ ಕಾಗದವನ್ನು ನಮ್ಮ ಕಡೆ ಯಾರು ನಂಬುತ್ತಾರೆ? ಫೈಲು ಆಡಳಿತ ಮಂಡಳಿಗೆ ಹೋಯಿತು, ಅಲ್ಲಿಂದ ಅವರ ಸಿಎ ಹತ್ತಿರ ಹೋಯಿತು, ಸೆಮಿಸ್ಟರ್ ಅರ್ಧ ಮುಗಿಯುವ ಹೊತ್ತಿಗೆ ಅಸ್ತು ಅಂತ ವಾಪಸ್ ಬಂತು.

ಆ ದಿನಗಳಲ್ಲಿ ನಾನೂ ಕೂತು ನಿಯಮಗಳನ್ನು ಓದಿದೆ. ಓಸಿಐ ಇಲ್ಲದಿದ್ದರೆ ನನ್ನ ಪಾಡೇನಾಗುತ್ತಿತ್ತು ಅಂತ ಆಗಲೇ ಗೊತ್ತಾದದ್ದು. ವಿದೇಶಿ ಪಾಸ್‌ಪೋರ್ಟಿನವರು ಇಲ್ಲಿ ಸಂಬಳಕ್ಕೆ ದುಡಿಯಬೇಕಾದರೆ ಎಂಪ್ಲಾಯ್‌ಮೆಂಟ್ ವೀಸಾ ಬೇಕು. ಅದಕ್ಕೆ ವರ್ಷದ ಸಂಬಳ ಕಡಿಮೆಯೆಂದರೂ 16.25 ಲಕ್ಷ ಇರಬೇಕು ಅನ್ನುವುದು ಸಾಮಾನ್ಯ ನಿಯಮ. ಬೆಂಗಳೂರಿನ ಕಂಪನಿಗೆ ಅದು ಲೆಕ್ಕವಲ್ಲ. ಬಾಗಲಕೋಟೆಯ ಖಾಸಗಿ ಕಾಲೇಜಿನಲ್ಲಿ ಮೇಷ್ಟ್ರಿಗೆ ಅಷ್ಟು ಯಾರು ಕೊಡುತ್ತಾರೆ? ಕೆಲವರಿಗೆ ಈ ಮಿತಿಯಿಂದ ವಿನಾಯಿತಿ ಇದೆ. ತಮ್ಮ ದೇಶದ ಅಡುಗೆ ಮಾಡುವ ಬಾಣಸಿಗರು, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವವರು, ಹೀಗೆ. ಮುಧೋಳದಲ್ಲಿ ಫ್ರೆಂಚ್ ಶಾಲೆ ತೆರೆದರೆ ನಡೆಯುತ್ತಿತ್ತು ಅಂತ ಗಂಡ ಈಗಲೂ ಚೇಷ್ಟೆ ಮಾಡುತ್ತಾನೆ. ಓಸಿಐ ಇದ್ದವರಿಗೆ ಈ ಯಾವ ರಗಳೆಯೂ ಇಲ್ಲ. ಖಾಸಗಿ ಕೆಲಸ ಮಾಡಬಹುದು, ಧಂಧೆ ಮಾಡಬಹುದು. ಡಾಕ್ಟರು, ವಕೀಲರು, ಸಿಎ, ನರ್ಸ್ ಆಗಿದ್ದರೆ ಇಲ್ಲಿನ ಕಾಯ್ದೆಗೆ ತಕ್ಕ ಹಾಗೆ ವೃತ್ತಿ ನಡೆಸಬಹುದು. ಎಷ್ಟು ದಿನ ಇದ್ದರೂ ಪೊಲೀಸರ ಹತ್ತಿರ ನೋಂದಣಿ ಬೇಕಿಲ್ಲ. ಸರ್ಕಾರಿ ನೌಕರಿ ಮಾತ್ರ ಇಲ್ಲ. ಪತ್ರಿಕೋದ್ಯಮ, ಸಂಶೋಧನೆ, ಮತಪ್ರಚಾರ, ಪರ್ವತಾರೋಹಣ, ಇಂಥವಕ್ಕೆ ಮೊದಲೇ ವಿಶೇಷ ಅನುಮತಿ ಕೇಳಬೇಕು. 2021ರ ಮಾರ್ಚ್ 4ರ ಅಧಿಸೂಚನೆಯಲ್ಲಿ ಇದೆಲ್ಲ ಇದೆ.

ಒಂದು ತಮಾಷೆ ಹೇಳಲೇಬೇಕು. ತೆರಿಗೆಯ ವಿಷಯದಲ್ಲಿ ನಾನು ಪೂರ್ತಿ ಇಲ್ಲಿಯಾಕಿ. ಪಾಸ್‌ಪೋರ್ಟ್ ಯಾವ ದೇಶದ್ದೇ ಇರಲಿ, ವರ್ಷದಲ್ಲಿ 182 ದಿನ ಇಲ್ಲಿದ್ದರೆ ನಿವಾಸಿ. ಇಲ್ಲಿ ಕೂತು ದುಡಿದದ್ದಕ್ಕೆ ಇಲ್ಲೇ ತೆರಿಗೆ. ಆಧಾರ್ ಕೂಡ ಅದೇ 182 ದಿನದ ಲೆಕ್ಕದಲ್ಲಿ ಸಿಕ್ಕಿತು. ನಮ್ಮಂಥವರ ಆಧಾರ್‌ಗೆ 10 ವರ್ಷದ ಅವಧಿ ಹಾಕಿರುತ್ತಾರೆ, ಅಷ್ಟೇ ವ್ಯತ್ಯಾಸ. ಬ್ಯಾಂಕಿನವರು ಅನಿವಾಸಿಗಳ ಎನ್‌ಆರ್‌ಇ ಖಾತೆ ಇನ್ನು ಇಟ್ಟುಕೊಳ್ಳುವಂತಿಲ್ಲ, ಬದಲಾಯಿಸಿ ಅಂದರು. ಭವಿಷ್ಯ ನಿಧಿಗೆ ಬಂದರೆ ಮತ್ತೆ ಉಲ್ಟಾ. ವಿದೇಶಿ ಪಾಸ್‌ಪೋರ್ಟ್ ಇದ್ದ ಕೂಡಲೇ ಅಂತರರಾಷ್ಟ್ರೀಯ ಕೆಲಸಗಾರ ಅನ್ನುವ ಪಟ್ಟ. ಉಳಿದವರಿಗೆ ತಿಂಗಳ ಸಂಬಳದಲ್ಲಿ 15,000 ರೂಪಾಯಿಯ ಮಿತಿ ಇದ್ದರೆ, ನಮಗೆ ಆ ಮಿತಿ ಇಲ್ಲ, ಪೂರ್ತಿ ಸಂಬಳದ ಮೇಲೆ ಪಿಎಫ್ ಹಿಡಿಯಬೇಕು. 2008ರಿಂದ ಇದ್ದ ಈ ನಿಯಮವನ್ನು 2024ರ ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಸಂವಿಧಾನಕ್ಕೆ ವಿರುದ್ಧ ಅಂತ ಹೊಡೆದು ಹಾಕಿತು. ಕಾಲೇಜಿನ ಸಿಎಗೆ ಆ ತೀರ್ಪು ತೋರಿಸಿದೆ. ಇಂಥದ್ದೆಲ್ಲ ಮೊದಲ ಸಲ ನೋಡ್ತಿದ್ದೀನಿ ಮೇಡಂ ಅಂದರು.

ಬಾಗಿಲು ಹಾಕಿಕೊಂಡ ತಿಂಗಳು

ಕಾರ್ಡಿನ ಬೆಲೆ ಗೊತ್ತಾಗಲು ಇನ್ನೊಂದು ಪ್ರಸಂಗ ನಡೆಯಿತು. 2023ರ ಸೆಪ್ಟೆಂಬರ್ 21ಕ್ಕೆ ಭಾರತ ಕೆನಡಾದವರಿಗೆ ವೀಸಾ ಕೊಡುವುದನ್ನೇ ನಿಲ್ಲಿಸಿತು. ಎರಡು ಸರ್ಕಾರಗಳ ಜಗಳ ಎಲ್ಲರಿಗೂ ಗೊತ್ತಿರುವುದೇ. ಅಥಣಿ ಕಡೆಯ ನನ್ನ ಗೆಳತಿಯೊಬ್ಬಳು ಆಗಷ್ಟೇ ಕೆನಡಾ ಪೌರತ್ವ ತಗೊಂಡಿದ್ದಳು. ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಆಗಿತ್ತು. ಓಸಿಐ ಇನ್ನೂ ಬಂದಿರಲಿಲ್ಲ. ಸರಿಯಾಗಿ ಆಗಲೇ ಅವಳ ಅಪ್ಪನನ್ನು ಬೆಳಗಾವಿಯಲ್ಲಿ ಆಸ್ಪತ್ರೆಗೆ ಸೇರಿಸಿದರು. ಅವಳು ಅಲ್ಲಿ ರಾತ್ರಿ ನಿದ್ದೆ ಬಾರದೆ ಫೋನ್ ಮಾಡುತ್ತಿದ್ದಳು. ನಾನು ಇಲ್ಲಿ ಬೆಳಗ್ಗೆ ರೊಟ್ಟಿ ತಟ್ಟುತ್ತಾ ಸ್ಪೀಕರ್ ಹಾಕಿಕೊಂಡು ಮಾತಾಡುತ್ತಿದ್ದೆ. "ನನ್ನ ಊರಿಗೆ ಹೋಗಾಕ ನಾ ಯಾರಿಗೆ ಕೈ ಮುಗೀಬೇಕು ಹೇಳು" ಅನ್ನುವಳು. ಓಸಿಐ ಇದ್ದವರಿಗೆ ಏನೂ ತೊಂದರೆ ಆಗಲಿಲ್ಲ. ಅವರ ವಿಮಾನ ಬರುತ್ತಲೇ ಇತ್ತು, ಹೋಗುತ್ತಲೇ ಇತ್ತು. ಅವಳಿಗೂ ನನಗೂ ಮಧ್ಯೆ ಇದ್ದ ವ್ಯತ್ಯಾಸ ಒಂದು ಪುಸ್ತಕ ಮಾತ್ರ.

ಅಕ್ಟೋಬರ್ 26ರಿಂದ ಎಂಟ್ರಿ ವೀಸಾ ಮತ್ತೆ ಶುರುವಾಯಿತು. ಅವಳು ಬಂದಳು. ಅಪ್ಪ ಆ ಹೊತ್ತಿಗೆ ಮನೆಗೆ ಬಂದಿದ್ದರು, ಪುಣ್ಯ. ಆದರೆ ಎಂಟ್ರಿ ವೀಸಾದ ಮೇಲೆ ಇಲ್ಲಿ ಕೆಲಸ ಮಾಡುವಂತಿಲ್ಲ. ಲ್ಯಾಪ್‌ಟಾಪ್ ತೆರೆದು ಅಲ್ಲಿನ ಆಫೀಸ್ ಕೆಲಸ ಮಾಡಿದರೆ ಅದು ಕೆಲಸವೋ ಅಲ್ಲವೋ ಅಂತ ಒಬ್ಬೊಬ್ಬರು ಒಂದೊಂದು ಹೇಳಿದರು. ಅವಳು ಯಾವ ಗೊಡವೆಯೂ ಬೇಡ ಅಂತ ಸಂಬಳವಿಲ್ಲದ ರಜೆ ಹಾಕಿ ಅಪ್ಪನ ಹಾಸಿಗೆ ಹತ್ತಿರ ಕೂತಳು. ವಿದೇಶದಲ್ಲಿ ಪೌರತ್ವದ ಅರ್ಜಿ ಹಾಕುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದೇ ಮಾತು. ಅಲ್ಲಿನ ಪ್ರಮಾಣ ವಚನಕ್ಕೂ ಓಸಿಐ ಕೈಗೆ ಬರುವುದಕ್ಕೂ ನಡುವೆ ಒಂದು ಕಾಲ ಇರುತ್ತದೆ. ಆ ಕಾಲದಲ್ಲಿ ನೀವು ಇಲ್ಲಿಗೆ ಬರೀ ಒಬ್ಬ ವಿದೇಶಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅದನ್ನು ಲೆಕ್ಕ ಹಾಕಿಯೇ ತಾರೀಕು ಗೊತ್ತು ಮಾಡಿಕೊಳ್ಳಿ.

ಬದುವಿನ ಆಚೆ ಎರಡು ಎಕರೆ

ಈಗ ಹೊಲಕ್ಕೆ ಬರೋಣ. ತಮ್ಮನ ಮಾತು ಕೇಳಿದ ಮೇಲೆ ನಾನು ಹುಡುಕಿ ಓದಿದ್ದರ ಸಾರ ಇಷ್ಟು. ಓಸಿಐ ಇದ್ದವರು ಮನೆ ಕೊಳ್ಳಬಹುದು, ಅಂಗಡಿ ಕೊಳ್ಳಬಹುದು. ಹೊಲ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ದಾನವಾಗಿಯೂ ಹೊಲ ತಗೊಳ್ಳುವಂತಿಲ್ಲ. ಅಪ್ಪ ಬದುಕಿದ್ದಾಗ ದಾನಪತ್ರ ಬರೆದಿದ್ದರೆ ಅದು ನಡೆಯುತ್ತಿರಲಿಲ್ಲ. ಆದರೆ ವಾರಸಾದಿಂದ ಬಂದರೆ ಬರುತ್ತದೆ. ಅದಕ್ಕೆ ಅಡ್ಡಿ ಇಲ್ಲ. ವಿದೇಶಿ ವಿನಿಮಯದ ಫೆಮಾ ಕಾಯ್ದೆಯಲ್ಲೂ ಇದೆ, ಅದರಡಿಯ 2019ರ ನಿಯಮಗಳಲ್ಲೂ ಇದೆ. ಮುಂದೆ ಮಾರುವುದಾದರೆ ಇಲ್ಲೇ ಇರುವ ಭಾರತದ ಪ್ರಜೆಗೆ ಮಾರಬೇಕು. ಹಿಂದೂ ವಾರಸಾ ಕಾಯ್ದೆಯಂತೂ ಮಗಳು ಯಾವ ದೇಶದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾಳೆ ಅಂತ ಕೇಳುವುದೇ ಇಲ್ಲ.

ಇದನ್ನೆಲ್ಲ ಪ್ರಿಂಟ್ ತೆಗೆಸಿ, ತಮ್ಮನನ್ನೂ ಕರೆದುಕೊಂಡು ನಾಡಕಚೇರಿಗೆ ಹೋದೆ. ಊರಿನ ಜಮೀನಿನ ಲೆಕ್ಕ ನೋಡುವ ತಲಾಟಿ ಕನ್ನಡಕ ಏರಿಸಿ ಎರಡು ಪುಟ ಓದಿದರು. ನನ್ನ ಮುಖ ನೋಡಿದರು. "ಸರ್ಕಾರದ್ದ ಐತಿ ಅಂದ್ರ ನಮ್ದೇನ ತಕರಾರಿಲ್ಲ ಬಿಡ್ರಿ. ಆದ್ರ ತಮ್ಮಾರದು ಒಪ್ಪಿಗಿ ಐತೇನು?" ಅಂತ ತಮ್ಮನ ಕಡೆ ತಿರುಗಿದರು. ಕಾಯ್ದೆ ಪ್ರಕಾರ ಆ ಪ್ರಶ್ನೆ ಬೇಕಾಗಿರಲಿಲ್ಲ. ಊರಿನ ಪ್ರಕಾರ ಅದೇ ಮುಖ್ಯ ಪ್ರಶ್ನೆ. ತಮ್ಮ ಸ್ವಲ್ಪ ಹೊತ್ತು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದ. ಆಮೇಲೆ ಹೂಂರಿ ಅಂದ. ಮನೆಗೆ ಬರುವ ದಾರಿಯಲ್ಲಿ ಬೈಕಿನ ಮೇಲೆ ಇಬ್ಬರೂ ಮಾತಾಡಲಿಲ್ಲ. ಅವ್ವನಿಗೆ ವಿಷಯ ತಿಳಿಸಿದಾಗ ಆಕೆ ಹೇಳಿದ್ದು, "ಇರಲಿ ಬಿಡೋ. ಹೆಸರಿಗೇನ ನೀರ ಹಾಸಬೇಕೇನ?" ಈಗ ಉತಾರದಲ್ಲಿ ಮೂರು ಹೆಸರಿವೆ. ಅವ್ವ, ತಮ್ಮ, ನಾನು. ಬೆಳೆ ತಮ್ಮನದ್ದು. ಕಬ್ಬಿನ ಬಿಲ್ಲಿನಲ್ಲಿ ನಾನು ಕೇಳುವುದೂ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕಳೆದ ವರ್ಷ ನಮ್ಮ ಹೊಲದ ಬದುವಿಗೆ ಹತ್ತಿದ ಎರಡು ಎಕರೆಯ ಕಾಕಾ ಹೊಲ ಮಾರಲು ಹೊರಟರು. ಮಗಳ ಮದುವೆ, ಸೊಸೈಟಿ ಸಾಲ, ಇದ್ದದ್ದೇ. ಬದು ಹತ್ತಿದವರಿಗೆ ಮೊದಲು ಕೇಳುವುದು ನಮ್ಮಲ್ಲಿ ರೂಢಿ. ಒಂದು ಮುಂಜಾನೆ ಬಂದು ಕಟ್ಟೆ ಮೇಲೆ ಕೂತರು. "ತಂಗಿ, ನಿನ್ನ ಅಪ್ಪ ಇದ್ದಾಗಿಂದ ಈ ಹೊಲದ ಮ್ಯಾಲ ಕಣ್ಣಿತ್ತು. ನೀ ತಗೋ. ಕೆನಡಾದ ರೊಕ್ಕ ಐತಿ ನಿನ್ನ ಕಡೆ." ನನ್ನ ಹತ್ತಿರ ಹಣ ಇತ್ತು. ಆಸೆಯೂ ಇತ್ತು. ಆ ಎರಡು ಎಕರೆ ಸೇರಿದರೆ ಬಾವಿಯ ನೀರು ಸೀದಾ ಹರಿಯುತ್ತದೆ, ಪೈಪ್ ಸುತ್ತಿಸಬೇಕಿಲ್ಲ. ನಾನು ಕೊಳ್ಳೂ ಹಂಗಿಲ್ಲ ಕಾಕಾ ಅಂದೆ. ಅವರಿಗೆ ಅರ್ಥವೇ ಆಗಲಿಲ್ಲ. ನಿಮ್ಮ ಅಪ್ಪನ ಹೊಲ ನಿನಗ ಬಂದೈತಿ, ಬಾಜೂದ್ದು ಯಾಕ ಬರಂಗಿಲ್ಲ? ರೊಕ್ಕಕ್ಕೆ ಚೌಕಾಸಿ ಮಾಡುತ್ತಿದ್ದೇನೆ ಅಂದುಕೊಂಡರೋ ಏನೋ, ಇನ್ನೊಂದಿಷ್ಟು ಇಳಿಸ್ತೀನಿ ಅಂದರು.

ತಮ್ಮನ ಹೆಸರಲ್ಲಿ ತಗೊಂಡು ಬಿಡ್ರಿ, ಯಾರು ನೋಡ್ತಾರ ಅಂತ ಸಲಹೆ ಕೊಟ್ಟವರು ಬೇಕಾದಷ್ಟು ಜನ. ನನ್ನ ಹಣ ಹಾಕಿ ಇನ್ನೊಬ್ಬರ ಹೆಸರಲ್ಲಿ ಆಸ್ತಿ ಇಟ್ಟರೆ ಅದಕ್ಕೆ ಬೇನಾಮಿ ಅಂತ ಹೆಸರು. 2016ರ ತಿದ್ದುಪಡಿಯ ನಂತರ ಆಸ್ತಿ ಜಪ್ತಿ, ಮೇಲೆ 7 ವರ್ಷದವರೆಗೆ ಜೈಲು. ತಮ್ಮನಿಗೆ ಅಷ್ಟು ಹಣ ಇರಲಿಲ್ಲ. ಹೊಲ ಹುಬ್ಬಳ್ಳಿ ಕಡೆಯ ಒಬ್ಬರ ಪಾಲಾಯಿತು. ಅವರು ಒಕ್ಕಲುತನದವರಲ್ಲ. ಮೊದಲಾಗಿದ್ದರೆ ಅವರಿಗೂ ಆಗುತ್ತಿರಲಿಲ್ಲ. 2020ರಲ್ಲಿ ಕರ್ನಾಟಕದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದು ಹಾಕಿದ ಮೇಲೆ, ನೇಗಿಲು ಮುಟ್ಟದವರೂ ಹೊಲ ಕೊಳ್ಳಬಹುದು. ಆ ಮಣ್ಣಿನಲ್ಲಿ ಕಳೆ ತೆಗೆದು ಬೆಳೆದ ನಾನು ಕೊಳ್ಳುವಂತಿಲ್ಲ. ವಿದೇಶಿ ಹಣ ಹೊಲಗಳಿಗೆ ಮುಗಿಬೀಳಬಾರದು ಅನ್ನುವ ಉದ್ದೇಶ ನನಗೆ ಅರ್ಥವಾಗುತ್ತದೆ, ಅದು ಸರಿ ಅಂತಲೂ ಅನ್ನಿಸುತ್ತದೆ. ಹೊರಗಿನ ಡಾಲರಿಗೆ ಬೇಲಿ ಹಾಕಿ ಒಳಗಿನ ದೊಡ್ಡ ದುಡ್ಡಿಗೆ ದಡ್ಡಿ ತೆರೆದಿಟ್ಟರೆ ಬೆಳೆ ಉಳಿಯುತ್ತದಾ ಅನ್ನುವುದು ಮಾತ್ರ ನನ್ನ ಪ್ರಶ್ನೆ.

ಓಟಿನ ಚೀಟಿ, ರೊಟ್ಟಿಯ ಗಂಟು

2024ರ ಮೇ 7ಕ್ಕೆ ನಮ್ಮ ಕಡೆ ಲೋಕಸಭೆಯ ಮತದಾನ. ಅಪ್ಪ ಆಗ ಇನ್ನೂ ಇದ್ದರು. ಹಿಂದಿನ ವಾರ ಅಂಗನವಾಡಿ ಟೀಚರಮ್ಮ ಓಟಿನ ಚೀಟಿ ಹಂಚಲು ಬಂದರು. ಅಪ್ಪನದು, ಅವ್ವನದು, ತಮ್ಮ, ನಾದಿನಿ, ಆಮೇಲೆ ನನ್ನದು! 2008ಕ್ಕೂ ಮೊದಲು ಹಾಕಿದ ಹೆಸರು, ಯಾರೂ ತೆಗೆದಿರಲಿಲ್ಲ. ನಾನೂ ಮರೆತೇ ಬಿಟ್ಟಿದ್ದೆ. "ಹೆಸರೈತಿ ಅಂದ್ರ ಹಾಕ್ರೆಲಾ ಅಕ್ಕಾರ" ಅಂತ ಬಾಗಿಲಲ್ಲಿದ್ದ ಹುಡುಗರು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ದುಬೈಯಲ್ಲಿರುವವರು ಇಲ್ಲಿಗೆ ಬಂದು ಓಟು ಹಾಕಬಹುದು. ಇಲ್ಲೇ ಮನೆ ಮಾಡಿಕೊಂಡು, ಇಲ್ಲೇ ತೆರಿಗೆ ಕಟ್ಟುವ ಓಸಿಐನವರು ಹಾಕುವಂತಿಲ್ಲ. ಹೆಸರು ತೆಗೆಸಲು 7ನೇ ನಮೂನೆ ತುಂಬಿ ಕೊಟ್ಟೆ. ಟೀಚರಮ್ಮ ಬೇಜಾರು ಮಾಡಿಕೊಂಡು ತಗೊಂಡರು. ಸತ್ತವರದ್ದು, ಮದುವೆಯಾಗಿ ಹೋದವರದ್ದು ತೆಗೆಸುತ್ತಾರೆ, ಎದುರಿಗೆ ನಿಂತವರದ್ದು ತೆಗೆಸುವುದು ಇದೇ ಮೊದಲು ಅಂದರು. ಮತದಾನದ ದಿನ ಬಿಸಿಲಿಗೆ ಕೊಡೆ ಹಿಡಿದು ಅವ್ವನನ್ನು ಕನ್ನಡ ಶಾಲೆಯ ಗೇಟಿನವರೆಗೆ ಬಿಟ್ಟು, ಬೇವಿನ ಗಿಡದ ಕೆಳಗೆ ನಿಂತೆ. ದೊಡ್ಡ ಚುನಾವಣೆ ಹೋಗಲಿ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಗಟಾರ ಯಾರ ಓಣಿಗೆ ಬರಬೇಕು ಅಂತ ತೀರ್ಮಾನವಾಗುತ್ತದೆ. ಅಭ್ಯರ್ಥಿಗಳು ನಮ್ಮ ಮನೆಗೆ ಬಂದರೆ ನನ್ನನ್ನು ದಾಟಿ ನಾದಿನಿಯ ಹತ್ತಿರ ಹೋಗಿ ಕೈ ಮುಗಿಯುತ್ತಾರೆ. ಊರಿನಲ್ಲಿ ಇಂಥ ಸುದ್ದಿ ಬೇಗ ಹರಡುತ್ತದೆ.

2025ರ ನವೆಂಬರ್‌ನದ್ದು ಇನ್ನೂ ಕಷ್ಟದ್ದು. ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಬೇಕು ಅಂತ ರಸ್ತೆಗೆ ಕೂತಿದ್ದರು. ನಮ್ಮ ಊರಿಂದ ದೂರವೇನಲ್ಲ. ತಮ್ಮ ಹೋದ. ಓಣಿಯ ಮನೆ ಮನೆಯಿಂದ ರೊಟ್ಟಿ, ಚಟ್ನಿ ಗಂಟು ಕಟ್ಟಿ ಕಳಿಸಿದರು. ನಾನೂ ರೊಟ್ಟಿ ತಟ್ಟಿದೆ. ಟ್ರ್ಯಾಕ್ಟರ್ ಹೊರಡುವಾಗ ಹೆಣ್ಣುಮಕ್ಕಳೂ ಹತ್ತಿದರು. "ಬಾರವಾ, ನಿನ್ನ ಹೆಸರೂ ಉತಾರದಾಗ ಐತಲ್ಲ" ಅಂದರು ಹಿರಿಯರೊಬ್ಬರು. ನಾನು ಹತ್ತಲಿಲ್ಲ. ಓಸಿಐನವರು ಧರಣಿಗೆ ಕೂಡಬಾರದು ಅಂತ ಎಲ್ಲೂ ಬರೆದಿಲ್ಲ. ಆದರೆ ಪೌರತ್ವ ಕಾಯ್ದೆಯಲ್ಲಿ ಕಾರ್ಡ್ ರದ್ದು ಮಾಡುವ 7ಡಿ ಕಲಂ ಒಂದಿದೆ. 2025ರ ಆಗಸ್ಟ್‌ನಲ್ಲಿ ಅದರಡಿ ಹೊಸ ಅಧಿಸೂಚನೆ ಬಂದಿದೆ. 2 ವರ್ಷ ಅಥವಾ ಹೆಚ್ಚು ಶಿಕ್ಷೆಯಾದರೆ ಸರಿ, 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧದಲ್ಲಿ ಬರೀ ಚಾರ್ಜ್‌ಶೀಟ್ ಆದರೂ ಕಾರ್ಡ್ ಹೋಗಬಹುದು. ಶಿಕ್ಷೆ ಆಗಲೇಬೇಕು ಅಂತಿಲ್ಲ. ರಸ್ತೆ ಮೇಲಿನ ಹೋರಾಟದಲ್ಲಿ ಯಾರೋ ಒಬ್ಬ ಕಲ್ಲು ಎಸೆದರೆ ಹತ್ತಾರು ಜನರ ಮೇಲೆ ಕೇಸು ಬೀಳುವುದು ನಮ್ಮ ಕಡೆ ಹೊಸದಲ್ಲ. ಕೊನೆಗೆ 3,300 ರೂಪಾಯಿಗೆ ಮಾತುಕತೆ ಮುಗಿಯಿತು. ಅದಾಗಿ ಕೆಲವೇ ದಿನಕ್ಕೆ ಮುಧೋಳ ಭಾಗದಲ್ಲಿ ಹೋರಾಟದ ಕಾವು ಏರಿ, ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳಿಗೆ ಬೆಂಕಿ ಬಿತ್ತು. ಟಿವಿಯಲ್ಲಿ ನೋಡುತ್ತಾ, ಹೋಗದೇ ಇದ್ದದ್ದು ಒಳ್ಳೆಯದಾಯಿತು ಅಂತ ಗಂಡ ಅಂದ. ಇರಬಹುದು. ಈಗಲೂ ಆ ಹಿರಿಯರು ಎದುರಿಗೆ ಸಿಕ್ಕರೆ ಮಾತಾಡಿಸುತ್ತಾರೆ. ಆದರೆ ಕಾರ್ಖಾನೆ ವಿಷಯ ಬಂದಾಗ ನನ್ನ ಕಡೆ ನೋಡುವುದಿಲ್ಲ.

ಮತ್ತೆ ಅರ್ಜಿ ಹಾಕಬಹುದಂತೆ

ಹೋದ ಪೌರತ್ವವನ್ನು ಮರಳಿ ಪಡೆಯುವ ದಾರಿ ಇದೆ. ಪೌರತ್ವ ಕಾಯ್ದೆಯ 5(1)(ಜಿ) ಕಲಂ. ಓಸಿಐ ಆಗಿ 5 ವರ್ಷ ತುಂಬಿರಬೇಕು, ಅರ್ಜಿಗೆ ಮುಂಚಿನ 12 ತಿಂಗಳು ಇಲ್ಲೇ ವಾಸ ಇರಬೇಕು. ಅರ್ಜಿ ಜಿಲ್ಲಾಧಿಕಾರಿ ಕಚೇರಿಯ ಮೂಲಕ ದಿಲ್ಲಿಗೆ ಹೋಗುತ್ತದೆ. ಒಪ್ಪಿದರೆ ಕೆನಡಾ ಪೌರತ್ವ ಬಿಡಬೇಕು. ನನಗೆ 2027ರಲ್ಲಿ 5 ವರ್ಷ ತುಂಬುತ್ತದೆ. ಅರ್ಜಿ ನಮೂನೆ ಇಳಿಸಿಕೊಂಡು ಒಂದು ಸಲ ಓದಿಯೂ ಆಗಿದೆ.

ಮನೆಯಲ್ಲಿ ಇದರ ಬಗ್ಗೆ ಒಮ್ಮತ ಇಲ್ಲ. ಗಂಡನಿಗೆ ಬೇಡ. ಅವನು ಧಾರವಾಡದವನು, ಅವರ ಮನೆಯಲ್ಲಿ ಹೊಲ ಮಾರಿ ಎರಡು ತಲೆಮಾರಾಯಿತು. ಕಾರ್ಡ್ ಚೆನ್ನಾಗಿಯೇ ನಡೀತಿದೆಯಲ್ಲ, ಸುಮ್ನೆ ಯಾಕೆ ಕೆದಕುತ್ತೀ ಅನ್ನುತ್ತಾನೆ. ಮಗಳದು ಬೇರೆಯೇ ಲೆಕ್ಕ. ಅವಳು 2010ರಲ್ಲಿ ಅಲ್ಲೇ ಹುಟ್ಟಿದವಳು, ಅವಳ ಓಸಿಐ ನನ್ನದಕ್ಕಿಂತ ಹಳೆಯದು. ಅದರಿಂದ ಅವಳಿಗೆ ಒಂದು ಲಾಭವೂ ಇದೆ. 2021ರ ಅಧಿಸೂಚನೆ ಓಸಿಐ ಮಕ್ಕಳನ್ನು ಎನ್‌ಆರ್‌ಐ ಸೀಟುಗಳಿಗೆ ಸೀಮಿತ ಮಾಡಿತು. ಅದಕ್ಕೂ ಮೊದಲೇ ಕಾರ್ಡ್ ಪಡೆದವರಿಗೆ ಇದು ಅನ್ವಯಿಸದು ಅಂತ 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ನೀಟ್ ಬರೆದು ಸಾಮಾನ್ಯ ಸೀಟಿಗೆ ಅವಳು ಪ್ರಯತ್ನ ಮಾಡಬಹುದು. ಅವಳಿಗೆ ಅದು ಬೇಡ. ಪಿಯುಸಿ ಮುಗಿಸಿ ಟೊರಾಂಟೋಗೆ ಹೋಗಿ ಓದುತ್ತಾಳಂತೆ. ಮೊನ್ನೆ ಊಟಕ್ಕೆ ಕೂತಾಗ ನಾನು 5(1)(ಜಿ) ಬಗ್ಗೆ ಹೇಳುತ್ತಿದ್ದೆ. ಅವಳು ತಟ್ಟೆಯಿಂದ ತಲೆ ಎತ್ತದೆ, "ಆಮೇಲೆ ನನ್ನ ನೋಡೋಕೆ ಬರಬೇಕಂದ್ರೆ ನಿಂಗೇ ವೀಸಾ ಬೇಕಾಗುತ್ತೆ ಅಲ್ವಾ ಅಮ್ಮಾ?" ಅಂದಳು.

ಹೌದು, ಬೇಕಾಗುತ್ತದೆ. ಅವಳ ಅಪ್ಪನಿಗೆ ಬೇಕಾಗುವುದಿಲ್ಲ. ಅವಳು ಹೋಗುವುದು 2028ಕ್ಕೆ. ಅದಕ್ಕೂ ಮೊದಲು ಅರ್ಜಿ ಹಾಕಬೇಕೋ, ಅವಳ ಓದು ಮುಗಿದ ಮೇಲೆ ಹಾಕಬೇಕೋ ಅಂತ ಈಗ ಗಂಡನ ಜೊತೆ ಚರ್ಚೆ ನಡೆದಿದೆ. ತಮ್ಮನಿಗೂ ಹೇಳಿದ್ದೇನೆ. ಮೂಡಣ ದಿಕ್ಕಿನ ಬದುವಿನವರೂ ಮುಂದಿನ ಸುಗ್ಗಿಗೆ ಮಾರುವವರಿದ್ದಾರೆ, ಅಷ್ಟರೊಳಗ ಆಗೂದಿದ್ರ ನೋಡಕ್ಕಾ ಅಂದ. ಅಷ್ಟರೊಳಗೆ ಆಗುವುದಿಲ್ಲ.